ಕೀಲಿ ರೆಡಿ ಅಂದರೂ ಏಳು ತಿಂಗಳು ಕಾದೆವು

2023ರ ಡಿಸೆಂಬರಿನಲ್ಲಿ ಬಿಲ್ಡರ್ ಆಫೀಸಿನಿಂದ ಫೋನ್ ಬಂತು. "ಮೇಡಂ, ಕೀಲಿ ರೆಡಿ ಇದೆ. ಬಂದು ಇಂಟೀರಿಯರ್ ಕೆಲಸ ಶುರು ಮಾಡ್ಕೊಳಿ, ರಿಜಿಸ್ಟ್ರೇಷನ್ ಆಮೇಲೆ ನೋಡೋಣ."

ನಾನು ಒಂದೇ ಮಾತು ಕೇಳಿದೆ: "ಒಸಿ ಬಂತಾ?"

"ಪ್ರೋಸೆಸ್‌ನಲ್ಲಿದೆ ಮೇಡಂ."

ಒಸಿ ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ. ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಎದ್ದಿದೆ, ಜನ ಇದರೊಳಗೆ ವಾಸ ಮಾಡಬಹುದು ಎಂದು ನಕ್ಷೆ ಮಂಜೂರು ಮಾಡಿದ ಪ್ರಾಧಿಕಾರವೇ ಬರೆದುಕೊಡುವ ಕಾಗದ. ಅದು ಬರುವ ತನಕ ಕೀಲಿ ಬೇಡ ಅಂದೆ. ಆಗ ನಮ್ಮ ಸಾಲದ ಬಡ್ಡಿಯೇ ತಿಂಗಳಿಗೆ 36,000, ಮೇಲೆ ಮನೆ ಬಾಡಿಗೆ 19,000. ನಮ್ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಫ್ಲಾಟ್ ನೋಡಿದ್ದು 2021ರ ಆರಂಭದಲ್ಲಿ, ಬೆಂಗಳೂರಿನ ಕನಕಪುರ ರಸ್ತೆಯಲ್ಲಿ. ಆ ಜನವರಿಯಲ್ಲೇ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಓಡಲು ಶುರುವಾಗಿತ್ತು. ಒಂಬತ್ತು ಅಂತಸ್ತು, ಎರಡು ಬೆಡ್‌ರೂಮು, 68 ಲಕ್ಷ. ಕರಪತ್ರದಲ್ಲಿ 1,180 ಚದರಡಿ ಎಂದು ದೊಡ್ಡದಾಗಿ ಬರೆದಿತ್ತು. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ತೆಗೆದರೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, 790. ಮಿಕ್ಕಿದ್ದರಲ್ಲಿ ಹೊರಗೋಡೆ, ಬಾಲ್ಕನಿ, ಲಿಫ್ಟು, ಮೆಟ್ಟಿಲು, ಲಾಬಿಯ ಪಾಲು ಎಲ್ಲ ಸೇರಿದ್ದವು. ಅಂದಿನಿಂದ ಯಾವ ಫ್ಲಾಟ್ ನೋಡಿದರೂ ಬೆಲೆಯನ್ನು ಕಾರ್ಪೆಟ್ ಅಳತೆಯಿಂದಲೇ ಭಾಗಿಸಿ ನೋಡುತ್ತೇನೆ.

ಬುಕಿಂಗ್ ದಿನವೇ ಶೇ 20 ಕಟ್ಟಿ ಅಂದರು. 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಕರಾರುಪತ್ರ ಬರೆದು ನೋಂದಣಿ ಮಾಡಿಸುವ ಮೊದಲು ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅದನ್ನು ಪ್ರಿಂಟ್ ಮಾಡಿಸಿ ಮೇಜಿನ ಮೇಲಿಟ್ಟೆ. ಹೆಚ್ಚು ಮಾತಾಗಲಿಲ್ಲ, ಮುಂದಿನ ವಾರವೇ ಕರಾರಿಗೆ ದಿನ ಕೊಟ್ಟರು.

ಅದಕ್ಕೂ ಮುಂಚೆ ಒಂದು ತಿಂಗಳು ಬರೀ ಕಾಗದ ಓದಿದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಸೈಟಿನಲ್ಲೇ ನಿಂತು ಸರ್ವೆ ನಂಬರ್ ನೋಡಿ, ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಎಲ್ಲಿ ಹಾದಿದೆ ಎಂದು ತಾಳೆ ಹಾಕಿದೆ. ಮೂಲಪತ್ರದಿಂದ ಹಿಡಿದು ಕೃಷಿಯೇತರ ಪರಿವರ್ತನೆ ಆದೇಶದವರೆಗೆ ಒಬ್ಬ ವಕೀಲರಿಗೆ ಫೀಸು ಕೊಟ್ಟು ತೋರಿಸಿದೆ. ಬ್ಯಾಂಕಿನವರು ಯೋಜನೆಗೆ ಒಪ್ಪಿಗೆ ಕೊಟ್ಟಿದ್ದಾರೆ, ಇನ್ನೇನು ಭಯ ಎಂದು ಬಹಳ ಜನ ಹೇಳಿದರು. ಬ್ಯಾಂಕು ನೋಡುವುದು ತನ್ನ ಸಾಲ ವಾಪಸು ಬರುತ್ತದೋ ಇಲ್ಲವೋ ಎಂಬುದನ್ನು. ಆ ಮನೆಯಲ್ಲಿ ಬದುಕಬೇಕಾದವರು ನಾವು. 30 ವರ್ಷದ ಇಸಿ (ಆಸ್ತಿಯ ಮೇಲಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿದಾಗ ಕೊನೆಯ ಸಾಲುಗಳಲ್ಲಿ ಸಿಕ್ಕಿದ್ದನ್ನು ಇವತ್ತಿಗೂ ಮರೆತಿಲ್ಲ: ಇಡೀ ಯೋಜನೆಯನ್ನು ಬಿಲ್ಡರ್ ಒಂದು ಹಣಕಾಸು ಸಂಸ್ಥೆಗೆ ಅಡವಿಟ್ಟಿದ್ದರು. ಕಟ್ಟಲು ಸಾಲ ಮಾಡುವುದು ತಪ್ಪಲ್ಲ, ಆದರೆ ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಫ್ಲಾಟಿನ ಮೇಲೆ ತಮ್ಮ ಹಕ್ಕಿಲ್ಲ ಎಂದು ಆ ಸಂಸ್ಥೆ ನಮ್ಮ ಫ್ಲಾಟ್ ನಂಬರ್ ನಮೂದಿಸಿ ಎನ್‌ಒಸಿ ಕೊಟ್ಟ ಮೇಲೆಯೇ ಕರಾರಿಗೆ ಸಹಿ ಹಾಕಿದೆವು.

ದುಡ್ಡಿನ ಲೆಕ್ಕದಲ್ಲಿ ನಮ್ಮನ್ನು ತಡವರಿಸುವಂತೆ ಮಾಡಿದ್ದು ಎರಡು. ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ (45 ಲಕ್ಷದೊಳಗಿನ, ಅಳತೆಯ ಮಿತಿ ದಾಟದ ಮನೆಗೆ ಶೇ 1); ಒಸಿ ಬಂದ ಮೇಲೆ ಕೊಂಡಿದ್ದರೆ ಅದು ಇರುತ್ತಿರಲಿಲ್ಲ. ಇನ್ನೊಂದು, ಬೆಲೆ 50 ಲಕ್ಷ ಮುಟ್ಟಿದರೆ ಬಿಲ್ಡರ್‌ಗೆ ಕೊಡುವ ಪ್ರತಿ ಕಂತಿನಲ್ಲೂ ಶೇ 1 ತೆರಿಗೆ (ಟಿಡಿಎಸ್) ಹಿಡಿದು ನಾವೇ ಸರ್ಕಾರಕ್ಕೆ ಕಟ್ಟಬೇಕು. ಮೊದಲ ಕಂತಿನಲ್ಲಿ ಅದನ್ನು ಮರೆತು ಆಮೇಲೆ ಬಡ್ಡಿ ಸೇರಿಸಿ ಕಟ್ಟಿದೆವು.

ಕರಾರಿನಲ್ಲಿ ಮನೆ ಕೊಡಬೇಕಾದ ಗಡುವು 2023ರ ಜೂನ್, ಮೇಲೆ ಆರು ತಿಂಗಳ ರಿಯಾಯಿತಿ. ಆ ಡಿಸೆಂಬರಿನ ಫೋನು ಗಡುವು ಮುಗಿಯುವ ಹೊತ್ತಿಗೇ ಬಂದಿತ್ತು. ಅವತ್ತು ಕೀಲಿ ತೆಗೆದುಕೊಂಡಿದ್ದರೆ ಕಾಗದದ ಮೇಲೆ ತಡವೇ ಆಗಿಲ್ಲ ಎಂದಾಗುತ್ತಿತ್ತು. ಆಮೇಲೆ ವಿಚಾರಿಸಿದರೆ ಅಗ್ನಿಶಾಮಕ ಇಲಾಖೆಯ ಅನುಮತಿಯೇ ಬಾಕಿ ಇತ್ತು. ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ಆ ಅನುಮತಿ ಇಲ್ಲದೆ ಮಕ್ಕಳನ್ನು ಮಲಗಿಸುವುದು ಹೇಗೆ? ಹಲವು ಕುಟುಂಬಗಳು ಹೋಗಿ ಕೂತವು. ಅವರ ಕಷ್ಟ ನನಗೆ ಗೊತ್ತು, ದೂರಲಾರೆ. ಅವರೆಲ್ಲ ಕಟ್ಟಡ ಕೆಲಸಕ್ಕೆಂದು ತೆಗೆದುಕೊಂಡಿದ್ದ ತಾತ್ಕಾಲಿಕ ಕರೆಂಟಿನಲ್ಲಿ ಹೆಚ್ಚಿನ ದರ ಕೊಟ್ಟು ತಿಂಗಳುಗಟ್ಟಲೆ ಇದ್ದರು. ನಾವು ಕಾಯುತ್ತಾ ಪ್ರತಿ ತಿಂಗಳು ಒಂದು ಇಮೇಲ್ ಕಳಿಸಿದೆವು: ಒಸಿ ಇಲ್ಲದ ಕಾರಣ ಸ್ವಾಧೀನಕ್ಕೆ ಪಡೆದಿಲ್ಲ, ರೇರಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ತಡದ ಬಡ್ಡಿ ನಮಗೆ ಬರಬೇಕು ಎಂದು. 2024ರ ಜುಲೈನಲ್ಲಿ ಒಸಿ ಬಂತು. ಬಡ್ಡಿ ಪೂರ್ತಿ ಕೊಡಲಿಲ್ಲ, ಕೊನೆಯ ಕಂತಿನಲ್ಲಿ ಒಂದೂವರೆ ಲಕ್ಷ ಕಡಿತ ಮಾಡಿದರು. ರೇರಾಕ್ಕೆ ದೂರು ಕೊಟ್ಟಿದ್ದರೆ ಇನ್ನೂ ಬರುತ್ತಿತ್ತು ಎಂದೇ ನನ್ನ ಲೆಕ್ಕ. ಆದರೆ ಅಷ್ಟರಲ್ಲಿ ಇಬ್ಬರೂ ಸೋತಿದ್ದೆವು.

ರಿಜಿಸ್ಟ್ರೇಷನ್‌ಗೆ ಮೊದಲು ತಿಪಟೂರಿನಿಂದ ಸೋದರಮಾವನನ್ನು ಕರೆಸಿದೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಕೈಚೀಲದಲ್ಲಿ ತೂಗುಗುಂಡು, ರಸಮಟ್ಟ, ಒಂದು ಗೋಲಿ, ಹಳೇ ಐದು ರೂಪಾಯಿ ನಾಣ್ಯ. ನಾಣ್ಯದಿಂದ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಾ ಹೋದರು.

"ಕೇಳುಸ್ತಾ ಮಗಾ? ಇಲ್ಲಿ ಗಟ್ಟಿ ಸದ್ದು, ಇಲ್ಲಿ ಟೊಳ್ಳು. ಕೆಳಗೆ ಸಿಮೆಂಟ್ ಕೂತಿಲ್ಲ."

ಸೀಮೆಸುಣ್ಣದಲ್ಲಿ ಹನ್ನೊಂದು ಟೈಲ್ಸಿಗೆ ಗುರುತು ಬಿತ್ತು. ಬಚ್ಚಲಲ್ಲಿ ಗೋಲಿ ಬಿಟ್ಟರೆ ಜಾಲರಿಯ ಕಡೆಗೆ ಹೋಗದೆ ಬಾಗಿಲ ಕಡೆ ಉರುಳಿತು. ನೀರೂ ಅಲ್ಲಿಗೇ ಬರುತ್ತದೆ ಎಂದು ಎರಡು ಬಕೆಟ್ ಸುರಿದು ತೋರಿಸಿದರು. ಜಾಲರಿಗೆ ಬಟ್ಟೆ ತುರುಕಿ, ಬಚ್ಚಲ ತುಂಬ ನೀರು ನಿಲ್ಲಿಸಿ, ಮಾರನೇ ದಿನ ಕೆಳಗಿನ ಫ್ಲಾಟಿನ ಸೂರು ನೋಡಿದೆವು. ಮೂಲೆಯಲ್ಲಿ ಅಂಗೈಯಗಲ ಒದ್ದೆ. ಕಾರ್ಪೆಟ್ ಏರಿಯಾವನ್ನು ನಾವೇ ಟೇಪು ಹಿಡಿದು ಅಳೆದೆವು, ಅದು ಸರಿಯಿತ್ತು. ಒಟ್ಟು 37 ದೋಷ ಬರೆದು, ಫೋಟೊ ಸಮೇತ ಕಳಿಸಿ, ಸರಿಮಾಡಿಸಿಕೊಂಡ ಮೇಲೆಯೇ ಸೈಟ್ ಎಂಜಿನಿಯರ್ ಕೊಟ್ಟ ಕಾಗದಕ್ಕೆ ಸಹಿ ಹಾಕಿದೆವು.

ಆಗಸ್ಟ್‌ನಲ್ಲಿ ಕ್ರಯಪತ್ರ ನೋಂದಣಿಯಾಯಿತು. ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ 6.6. (2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಈಗ ಕೊಳ್ಳುವವರು ಅದನ್ನೂ ಸೇರಿಸಿಕೊಳ್ಳಿ.) ಮರುವರ್ಷದ ಮಳೆಗಾಲದಲ್ಲಿ ರೂಮಿನ ಹೊರಗೋಡೆ ಬೆವರತೊಡಗಿತು. ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ 30 ದಿನದೊಳಗೆ ಸರಿಮಾಡಬೇಕು ಎಂಬ ರೇರಾ ಕಾಯ್ದೆಯ 14ನೇ ಸೆಕ್ಷನ್ ಉಲ್ಲೇಖಿಸಿ ಬರೆದೆ. ನಾಲ್ಕನೇ ವಾರ ಹೊರಗೆ ಜೋಲಿ ಕಟ್ಟಿ ಇಬ್ಬರು ಇಳಿದು ಬಿರುಕು ಮುಚ್ಚಿದರು. ಫೋಟೊ ಮಾವನಿಗೆ ಕಳಿಸಿದೆ. ಫೋನ್ ಮಾಡಿ ಅಂದರು: "ಬಣ್ಣ ಬಳಿಯೋಕೆ ಬಿಡಬ್ಯಾಡ ಕಣವ್ವ. ಇನ್ನೆರಡು ಮಳೆ ಆಗ್ಲಿ, ನೋಡಾನ."