ನೀಲಿ ಲೈಟು ಉರಿದ ಮಾತ್ರಕ್ಕೆ ಆಯ್ತಾ? ಮನೆಯ ಯುವಿ ಫಿಲ್ಟರ್ ಬಳಸುವ ಬಗೆ

ಕುಡಿಯುವ ನೀರಿನ ಯುವಿ ಫಿಲ್ಟರ್ ಇರುವ ಮನೆಗೆ ಹೋದಾಗ ಸುಮ್ನೆ ಕೇಳಿ ನೋಡಿ: ಒಳಗಿನ ಲ್ಯಾಂಪ್ ಬದಲಿಸಿದ್ದು ಯಾವಾಗ? ಹೆಚ್ಚಿನವರ ಉತ್ತರ ಒಂದೇ. "ಇನ್ನೂ ಉರೀತಾ ಇದೆಯಲ್ಲ, ಯಾಕೆ ಬದಲಿಸಬೇಕು?" ಎಡವಟ್ಟು ಆಗುವುದೇ ಇಲ್ಲಿ. ಕಿಂಡಿಯಲ್ಲಿ ಕಾಣುವ ಆ ನೀಲಿ ಬೆಳಕು ರೋಗಾಣುವನ್ನು ಕೊಲ್ಲುವುದಿಲ್ಲ. ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ.

ಲ್ಯಾಂಪಿನೊಳಗೆ ಒಂದು ಚೂರು ಪಾದರಸ ಇರುತ್ತದೆ. ಕರೆಂಟು ಹರಿದಾಗ ಅದರ ಆವಿ 254 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ, ಅಂದರೆ ಯುವಿ, ಹೊರಸೂಸುತ್ತದೆ. ಜೊತೆಗೆ ಸ್ವಲ್ಪ ನೀಲಿ ಬೆಳಕೂ ಬರುತ್ತದೆ. ನಮಗೆ ಕಾಣುವುದು ಅದಷ್ಟೇ. ಕಾಣದ ಕಿರಣ ಬ್ಯಾಕ್ಟೀರಿಯಾ, ವೈರಸ್‌ಗಳ ಒಳಹೊಕ್ಕು ಅವುಗಳ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಕೊಂಡಿಗಳನ್ನು ತಪ್ಪಾಗಿ ಬೆಸೆದುಬಿಡುತ್ತದೆ. ಆಮೇಲೆ ಆ ಜೀವಿ ಮರಿ ಹಾಕಲಾರದು. ಒಂದು ಎರಡಾಗದ ರೋಗಾಣು ಹೊಟ್ಟೆಗೆ ಹೋದರೂ ಕಾಯಿಲೆ ತರುವುದಿಲ್ಲ.

ಇದು ಹೊಸ ವಿದ್ಯೆಯೇನಲ್ಲ. ಫ್ರಾನ್ಸಿನ ಮಾರ್ಸೇ ನಗರದಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಅತಿನೇರಳೆ ಕಿರಣ ಹಾಯಿಸಿ ನೋಡಿದ್ದರು. ನಮ್ಮ ಕಡೆಯ ಕತೆ ಬೇಕೆಂದರೆ, 1993ರ ಹೊತ್ತಿಗೆ ಬಂಗಾಳದಲ್ಲಿ ಕಾಲರಾದ ಹೊಸ ತಳಿ ಜನರನ್ನು ಕೊಲ್ಲುತ್ತಿತ್ತು. ಆಗ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ಮುಂಬೈ ಮೂಲದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್, ಹಳ್ಳಿಗೆ ಹೊಂದುವ ಅಗ್ಗದ ಯುವಿ ಯಂತ್ರವೊಂದನ್ನು ರೂಪಿಸಿದರು. ನಿಮಿಷಕ್ಕೆ ಸುಮಾರು 15 ಲೀಟರ್ ನೀರು. ಲ್ಯಾಂಪ್ ನೀರಿನೊಳಗಲ್ಲ, ಹರಿಯುವ ನೀರಿನ ಮೇಲೆ ತೂಗುಹಾಕಿದ್ದು. ಹಾಗೆ ಯಾಕೆ ಮಾಡಿದರು ಎಂಬುದು ನಮ್ಮ ಮನೆಯ ಫಿಲ್ಟರ್ ತೊಳೆಯುವಾಗ ಗೊತ್ತಾಗುತ್ತದೆ.

ಮೊದಲ ಕೆಲಸ: ನಿಮ್ಮ ನೀರು ಎಂಥದ್ದು?

ಫಿಲ್ಟರ್ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಯುವಿ ರೋಗಾಣುವಿಗೆ ಮಾತ್ರ ಮದ್ದು. ಉಪ್ಪು, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಕೀಟನಾಶಕ, ಇವುಗಳಲ್ಲಿ ಯಾವುದನ್ನೂ ಅದು ಮುಟ್ಟುವುದಿಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ, ಯುವಿ ಹಾಯಿಸಿದ ಮೇಲೂ ಅಷ್ಟೇ ಇರುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು, ಅದಕ್ಕಿಂತ ಜಾಸ್ತಿ ಕೂಡದು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ದಾರಿ ಇಲ್ಲದಾಗ 2000ವರೆಗೆ ವಿನಾಯಿತಿ ಇದೆ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್ ಅಡಿ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ. ಅಲ್ಲಿ ಕೇಳಿ, ಇಲ್ಲವೇ ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಡಿ.

ಹಾಗಾದರೆ ಯುವಿ ಯಾರಿಗೆ ಹೊಂದುತ್ತದೆ? ಕಾವೇರಿ ನೀರು ಬರುವ ಬೆಂಗಳೂರು, ಮೈಸೂರಿನ ಮನೆಗಳಿಗೆ. ಮಲೆನಾಡಿನ ಬಾವಿ, ಅಬ್ಬಿ ನೀರಿಗೆ. ಈ ನೀರಿನಲ್ಲಿ ಉಪ್ಪಿನಂಶ ಕಡಿಮೆ. ಭಯ ಇರುವುದು ರೋಗಾಣುವಿನದು. ನಗರದಲ್ಲಿ ಕ್ಲೋರಿನ್ ಹಾಕಿಯೇ ನೀರು ಬಿಟ್ಟಿರುತ್ತಾರೆ. ಆದರೆ ಒಡೆದ ಪೈಪಿಗೆ ಚರಂಡಿ ನೀರು ನುಗ್ಗುವುದು, ವರ್ಷಗಟ್ಟಲೆ ತೊಳೆಯದ ಸಂಪು, ಮುಚ್ಚಳ ಸರಿಯಿಲ್ಲದ ಟ್ಯಾಂಕು, ಎಲ್ಲವನ್ನೂ ದಾಟಿ ಅದು ಅಡುಗೆಮನೆಗೆ ಬರಬೇಕು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಯುವಿಗೆ ಸುಲಭವಾಗಿ ಸೋಲುತ್ತದೆ. ಇದು ಯುವಿಯ ದೊಡ್ಡ ಲಾಭ.

ಮಾರಾಟಕ್ಕೆ ಬರುವವರ ಒಂದು ಆಟದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಒ ಯಂತ್ರದ (ಸೂಕ್ಷ್ಮ ಪೊರೆಯಲ್ಲಿ ಸೋಸಿ ಉಪ್ಪು ತೆಗೆಯುವ ಯಂತ್ರ) ನೀರು. ಲೋಹದ ಕಡ್ಡಿಗಳನ್ನು ಅದ್ದಿ ಕರೆಂಟು ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಗಲೀಜು ನೊರೆ ಕಟ್ಟುತ್ತದೆ. ನೋಡಿದವರು ಬೆಚ್ಚಿಬೀಳುತ್ತಾರೆ. ಆ ಕಂದು ನಿಮ್ಮ ನೀರಿನದಲ್ಲ, ಕಬ್ಬಿಣದ ಕಡ್ಡಿಯ ತುಕ್ಕು. ಆರ್‌ಒ ನೀರಿನಲ್ಲಿ ಉಪ್ಪು ಇಲ್ಲದ್ದರಿಂದ ಕರೆಂಟು ಸರಿಯಾಗಿ ಹರಿಯುವುದಿಲ್ಲ, ತುಕ್ಕೂ ಏಳುವುದಿಲ್ಲ. ಅವರ ಲೋಟಕ್ಕೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ತೋರಿಸಿ ಅನ್ನಿ. ಟಿಡಿಎಸ್ 500ರೊಳಗಿದ್ದು, ಫ್ಲೋರೈಡ್, ನೈಟ್ರೇಟ್ ತಕರಾರು ಇಲ್ಲದಿದ್ದರೆ ಆರ್‌ಒ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ಲೀಟರ್ ಕುಡಿಯುವುದಕ್ಕೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರ ಅದು.

ನೀರು ತಿಳಿಯಾಗಿರಲೇಬೇಕು

ಕಿರಣ ತಾಗಿದರೆ ಮಾತ್ರ ರೋಗಾಣು ಸಾಯುತ್ತದೆ. ನೀರಿನಲ್ಲಿ ಮಣ್ಣಿನ ಕಣ ತೇಲುತ್ತಿದ್ದರೆ ಬ್ಯಾಕ್ಟೀರಿಯಾ ಅದರ ಹಿಂದೆ ಅಡಗಿ ಪಾರಾಗುತ್ತದೆ. ಮಳೆಗಾಲದಲ್ಲಿ ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಹಳ್ಳದ ನೀರು ನೋಡಿದ್ದೀರಲ್ಲ, ಅದು ಮಣ್ಣಿಲ್ಲದೆ ತಿಳಿಯಾಗಿದ್ದರೂ ಕಿರಣವನ್ನು ಹೀರಿಬಿಡುತ್ತದೆ. ಕಬ್ಬಿಣದ ಅಂಶವೂ ಹಾಗೆಯೇ. ಲೀಟರಿಗೆ 0.3 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ, 120 ಮಿಲಿಗ್ರಾಂಗಿಂತ ಜಾಸ್ತಿ ಗಡಸುತನ ಇದ್ದರೆ ಯುವಿಗೆ ಮೊದಲು ಅದಕ್ಕೊಂದು ವ್ಯವಸ್ಥೆ ಮಾಡಬೇಕು.

ಅದಕ್ಕೇ ಒಳ್ಳೆಯ ಫಿಲ್ಟರಿನಲ್ಲಿ ನೀರು ಈ ಕ್ರಮದಲ್ಲಿ ಸಾಗುತ್ತದೆ: ಮೊದಲು 5 ಮೈಕ್ರಾನಿನ ದಾರದ ಕ್ಯಾಂಡಲ್, ಆಮೇಲೆ ಇದ್ದಿಲಿನ ಕಾರ್ಬನ್, ಕೊನೆಗೆ ಯುವಿ. ಈ ಕ್ರಮ ಅದಲುಬದಲು ಆಗಬಾರದು. ಕಾರ್ಬನ್ ವಾಸನೆಯನ್ನೂ ಕ್ಲೋರಿನ್ನನ್ನೂ ಹೀರುತ್ತದೆ. ಕ್ಲೋರಿನ್ ಹೋದ ಮೇಲೆ ಆ ಇದ್ದಿಲಿನಲ್ಲೇ ಬ್ಯಾಕ್ಟೀರಿಯಾ ಬೆಳೆಯಬಹುದು. ಕಿರಣ ಅದರ ನಂತರ ಇದ್ದರೆ ಮಾತ್ರ ರಕ್ಷಣೆ.

ಕೊಳ್ಳುವಾಗ, ಕೂರಿಸುವಾಗ

ಕಿರಣದ ಪ್ರಮಾಣವನ್ನು ಕೇಳಿ. ಚದರ ಸೆಂಟಿಮೀಟರಿಗೆ 40 ಮಿಲಿಜೂಲ್ ಎಂದು ಬರೆದಿದ್ದರೆ ಒಳ್ಳೆಯದು. ಟೈಫಾಯ್ಡ್, ಕಾಲರಾ, ಬೇಧಿಯ ಬ್ಯಾಕ್ಟೀರಿಯಾ ಹಾಗೂ ಬಹುಪಾಲು ವೈರಸ್‌ಗಳಿಗೆ ಇಷ್ಟು ಸಾಕು. ಅಡಿನೋವೈರಸ್ ಮಾತ್ರ ಮಹಾ ಹಟಮಾರಿ, ಅದಕ್ಕೆ ಇದರ ನಾಲ್ಕೈದು ಪಟ್ಟು ಬೇಕು. ಲ್ಯಾಂಪ್ ಮಂಕಾದಾಗ ನೀರು ನಿಲ್ಲಿಸುವ ಸೆನ್ಸರ್ ಇರುವ ಮಾಡೆಲ್ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ತಗೊಳ್ಳಿ. ನನ್ನ ಪ್ರಕಾರ ಟಚ್ ಸ್ಕ್ರೀನ್, ತಾಮ್ರದ ಕೊಳವೆ ಇತ್ಯಾದಿಗಳಿಗಿಂತ ಇದು ಮುಖ್ಯ.

ಕಿರಣದ ಪ್ರಮಾಣ ಎಂದರೆ ಅದರ ತೀವ್ರತೆ ಮತ್ತು ನೀರು ಕಿರಣದ ಕೆಳಗೆ ಕಳೆಯುವ ಸಮಯ, ಎರಡರ ಗುಣಲಬ್ಧ. ಮನೆಯ ಯಂತ್ರಗಳಲ್ಲಿ ನಿಮಿಷಕ್ಕೆ ಒಂದೆರಡು ಲೀಟರ್ ಬರುವುದು ಇದಕ್ಕೇ. ಪೈಪಿನಲ್ಲಿ ಕಿರಿದಾದ ತೂತಿರುವ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಹರಿವನ್ನು ಹಿಡಿದಿಡುತ್ತದೆ. "ನೀರು ನಿಧಾನ ಬರ್ತಿದೆ" ಎಂದು ದೂರಿದರೆ ಕೆಲವು ರಿಪೇರಿಯವರು ಅದನ್ನೇ ಕಿತ್ತುಹಾಕಿ ಹೋಗುತ್ತಾರೆ. ನೀರು ಜೋರಾಗಿ ಬರುತ್ತದೆ, ನಿಮಗೂ ಖುಷಿ. ರೋಗಾಣುವಿಗೆ ಇನ್ನೂ ಖುಷಿ. ಹರಿವು ಎರಡು ಪಟ್ಟಾದರೆ ಸಿಗುವ ಕಿರಣ ಅರ್ಧಕ್ಕರ್ಧ.

ಕೂರಿಸುವ ಜಾಗ ಒಲೆಯಿಂದ ದೂರ ಇರಲಿ. ಪ್ಲಗ್ ನೀರು ಸಿಡಿಯದ ಕಡೆ ಇರಲಿ, ಅರ್ತಿಂಗ್ ಕಡ್ಡಾಯ. ಮೊದಲ ಸಲ ಕೆಲವು ಲೀಟರ್ ನೀರನ್ನು ಹಾಗೇ ಹರಿಯಬಿಟ್ಟು ಇದ್ದಿಲ ಪುಡಿ ಹೋಗಲು ಬಿಡಿ. ಆ ನೀರು ಗಿಡಕ್ಕೆ ಹಾಕಿ.

ದಿನದ ಬಳಕೆ

ಬೆಳಿಗ್ಗೆ ಸ್ವಿಚ್ ಹಾಕಿ ಒಂದೆರಡು ನಿಮಿಷ ಕಾಯಿರಿ. ಲ್ಯಾಂಪ್ ಪೂರ್ಣ ಶಕ್ತಿಗೆ ಬರಲು ಅಷ್ಟು ಹೊತ್ತು ಬೇಕು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ಮೊದಲ ಒಂದೆರಡು ಲೋಟ ಪಾತ್ರೆ ತೊಳೆಯಲು ಹೋಗಲಿ.

ಹಿಡಿದ ನೀರನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಯುವಿ ಮಾಡಿದ ನೀರಿನಲ್ಲಿ ಕ್ಲೋರಿನ್ ಥರ ಕಾಯುವವರು ಯಾರೂ ಇರುವುದಿಲ್ಲ. ಕೊಳಕು ಕೈ ಅದ್ದಿದ ತಂಬಿಗೆ ಮುಳುಗಿಸಿದರೆ ಆಟ ಮತ್ತೆ ಮೊದಲಿನಿಂದ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾಗಳು ಮಾಮೂಲಿ ಬೆಳಕಿನ ಸಹಾಯದಿಂದ ತಮ್ಮ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳಬಲ್ಲವು. ಹಾಗಾಗಿ ಕಿಟಕಿ ಪಕ್ಕದ ಗಾಜಿನ ಹೂಜಿಗಿಂತ ಮುಚ್ಚಳವಿರುವ ಸ್ಟೀಲ್ ಡ್ರಮ್ಮೋ ಮಣ್ಣಿನ ಮಡಕೆಯೋ ಲೇಸು. ಕೆಳಗೆ ನಲ್ಲಿ ಇರಲಿ. ಒಂದು ದಿನದೊಳಗೆ ಖಾಲಿ ಮಾಡಿ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಲ್ಯಾಂಪ್ ಸಾಮಾನ್ಯವಾಗಿ 11 ವಾಟ್. ಒಂದು ಕೊಡ, ಅಂದರೆ 20 ಲೀಟರ್ ಹಿಡಿಯಲು 20 ನಿಮಿಷ ಹಿಡಿದರೂ ಯಂತ್ರಕ್ಕೆ 0.02 ಯೂನಿಟ್ ಬೇಕಾಗುವುದಿಲ್ಲ. ಅದೇ 20 ಲೀಟರನ್ನು ಕರೆಂಟಿನಲ್ಲಿ ಕುದಿಸಬೇಕೆಂದರೆ ಸುಮಾರು 1.75 ಯೂನಿಟ್, ಅದೂ ಒಂದಿಷ್ಟೂ ಶಾಖ ಪೋಲಾಗದಿದ್ದರೆ.

ಸ್ಲೀವ್ ತೊಳೆಯುವುದು

ಈಗ ಗಾಡ್ಗೀಳರ ತೂಗುಲ್ಯಾಂಪಿಗೆ ಬರೋಣ. ನಮ್ಮ ಫಿಲ್ಟರ್‌ಗಳಲ್ಲಿ ಲ್ಯಾಂಪ್ ಇರುವುದು ಸ್ಟೀಲ್ ಸಿಲಿಂಡರಿನ ನಡುವೆ, ಕ್ವಾರ್ಟ್ಜ್ ಕೊಳವೆಯೊಳಗೆ. ಈ ಕೊಳವೆಯೇ ಸ್ಲೀವ್. ಮಾಮೂಲಿ ಗಾಜು ಈ ಕಿರಣವನ್ನು ತಡೆಯುತ್ತದೆ, ಕ್ವಾರ್ಟ್ಜ್ ಬಿಡುತ್ತದೆ. ಸುತ್ತ ಹರಿಯುವ ನೀರಿನ ಸುಣ್ಣ, ಕಬ್ಬಿಣ ನಿಧಾನವಾಗಿ ಕೊಳವೆಯ ಮೇಲೆ ಪದರ ಕಟ್ಟುತ್ತವೆ. ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಹಕ್ಕಳೆ. ಲ್ಯಾಂಪ್ ಹೊಸದೇ ಇದ್ದರೂ ಕಿರಣ ಹೊರಗೆ ಬರುವುದಿಲ್ಲ. ನೀರಿಗೆ ತಾಗದಂತೆ ಲ್ಯಾಂಪನ್ನು ಮೇಲೆ ತೂಗಿಸಿದ್ದು ಈ ಕಾಟ ತಪ್ಪಿಸಲು.

ಮೆತ್ತಗಿನ ನೀರಾದರೆ ಆರು ತಿಂಗಳಿಗೊಮ್ಮೆ, ಗಡಸಾದರೆ ಎರಡು ಮೂರು ತಿಂಗಳಿಗೊಮ್ಮೆ ತೊಳೆಯಿರಿ. ಯಂತ್ರ ವಾರಂಟಿಯಲ್ಲಿದ್ದರೆ ಸರ್ವೀಸಿನವರನ್ನೇ ಕರೆಸಿ, ಎದುರಿಗೆ ನಿಂತು ಮಾಡಿಸಿ. ನೀವೇ ಮಾಡುವುದಾದರೆ ಹೀಗೆ:

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ನೀರಿನ ವಾಲ್ವ್ ಮುಚ್ಚಿ ಒಳಗಿನ ನೀರು ಬಸಿಯಿರಿ. ಲ್ಯಾಂಪ್ ತಣ್ಣಗಾದ ಮೇಲೆ ತುದಿಯ ವೈರ್ ಕ್ಯಾಪ್ ತೆಗೆದು ಮೆಲ್ಲಗೆ ಹೊರಗೆಳೆಯಿರಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಕಿರಣಕ್ಕೆ ಅಡ್ಡ. ಹತ್ತಿಬಟ್ಟೆ ಬಳಸಿ. ಆಮೇಲೆ ನಟ್ ತಿರುವಿ ಕ್ವಾರ್ಟ್ಜ್ ಕೊಳವೆ ತೆಗೆಯಿರಿ. ತುದಿಯ ರಬ್ಬರ್ ಉಂಗುರ ಎಲ್ಲಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಕೊಳವೆಗೆ ಸುತ್ತಿ ಅರ್ಧ ಗಂಟೆ ಬಿಡಿ. ಹಕ್ಕಳೆ ಕರಗುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರು, ಸಬೀನಾ ಪುಡಿ ಹತ್ತಿರ ಕೂಡ ತರಬೇಡಿ. ಗೀರು ಬಿದ್ದರೆ ಕೊಳವೆ ಹಾಳು. ಚೆನ್ನಾಗಿ ತೊಳೆದು, ಒರೆಸಿ, ಮೊದಲಿದ್ದಂತೆ ಕೂರಿಸಿ. ಮೊದಲು ನೀರು ಬಿಟ್ಟು ಸೋರುತ್ತಿಲ್ಲ ಎಂದು ನೋಡಿಕೊಂಡೇ ಕರೆಂಟು ಕೊಡಿ.

ಸಿಲಿಂಡರ್ ಬಿಚ್ಚಿದಾಗ "ಲ್ಯಾಂಪ್ ಉರಿಯುತ್ತದಾ ನೋಡೋಣ" ಎಂದು ಹೊರಗೇ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಕೆಲವೇ ಕ್ಷಣ ನೋಡಿದರೂ ಸಾಕು, ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗಬಹುದು.

ಲ್ಯಾಂಪ್ ಬದಲಿಸುವುದು

ಸಾಮಾನ್ಯ ಲ್ಯಾಂಪಿನ ಆಯಸ್ಸು 8,000ದಿಂದ 9,000 ಗಂಟೆ. ದಿನವಿಡೀ ಉರಿಯುವ ಯಂತ್ರವಾದರೆ ಹೆಚ್ಚುಕಡಿಮೆ ಒಂದು ವರ್ಷ. ಅಷ್ಟರ ನಂತರವೂ ನೀಲಿಯಾಗಿ ಉರಿಯುತ್ತದೆ, ಕಾಣದ ಕಿರಣ ಮಾತ್ರ ಕುಗ್ಗಿರುತ್ತದೆ. ಬದಲಿಸಿದ ತಾರೀಖನ್ನು ಯಂತ್ರದ ಮೈಮೇಲೇ ಮಾರ್ಕರಿನಲ್ಲಿ ಬರೆದಿಡಿ. ಹಳೆಯದನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಪಾದರಸ ಇದೆ. ಇ-ತ್ಯಾಜ್ಯದವರಿಗೆ ಕೊಡಿ. ಕೈಜಾರಿ ಒಡೆದರೆ ಕಿಟಕಿ ತೆಗೆದು ಎಲ್ಲರೂ 15 ನಿಮಿಷ ಹೊರಗಿರಿ. ಆಮೇಲೆ ರಟ್ಟಿನಿಂದ ಚೂರು ಬಾಚಿ, ಅಂಟು ಟೇಪಿನಿಂದ ಪುಡಿ ಎತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ ಬೇಡ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ.

ಎಲ್ಲ ಸರಿಯಿದೆಯಾ ಎಂಬ ಅನುಮಾನ ಉಳಿದರೆ ನೀರಿನ ಸೋಂಕು ಪರೀಕ್ಷಿಸುವ ಎಚ್2ಎಸ್ ಬಾಟಲಿ ತನ್ನಿ. ಗುರುತಿನವರೆಗೆ ಫಿಲ್ಟರ್ ನೀರು ತುಂಬಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿನಲ್ಲಿ ಮಲದ ಸೋಂಕಿರುವ ಸಾಧ್ಯತೆ ಇದೆ ಎಂದರ್ಥ.

ಕರೆಂಟು ಇಲ್ಲದ ದಿನ

ಬಿಸಿಲಿದ್ದರೆ ಸೂರ್ಯನೇ ಯುವಿ ಲ್ಯಾಂಪ್. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಆಫ್ತಿಮ್ ಆಕ್ರಾ 1980ರ ಸುಮಾರಿಗೆ ಇದನ್ನು ತೋರಿಸಿಕೊಟ್ಟರು. ಎರಡು ಲೀಟರ್ ಒಳಗಿನ, ಬಣ್ಣವಿಲ್ಲದ ಪೆಟ್ ಬಾಟಲಿ ತಗೊಳ್ಳಿ. ಲೇಬಲ್ ಕಿತ್ತು ನೀರು ತುಂಬಿ. ಬಾಟಲಿಯನ್ನು ಪೇಪರಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬಾಯಿಯಿಂದ ಕೆಳಕ್ಕೆ ನೋಡಿ. ತಲೆಬರಹ ಓದಲು ಆಗದಿದ್ದರೆ ನೀರು ಕದಡಿದೆ, ಮೊದಲು ಸೋಸಿ. ಓದಲು ಬಂದರೆ ತಗಡಿನ ಮಾಡಿನ ಮೇಲೆ ಅಡ್ಡ ಮಲಗಿಸಿ ಆರು ಗಂಟೆ ಬಿಸಿಲಿಗೆ ಬಿಡಿ. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ.

ಆಷಾಢದ ಮಳೆಯಲ್ಲಿ ಮೂರು ದಿನ ಕರೆಂಟು ಹೋಗುವ ತೀರ್ಥಹಳ್ಳಿ, ಆಗುಂಬೆ ಕಡೆ ಇದು ನಡೆಯುವ ಮಾತಲ್ಲ. ಅಲ್ಲಿ ಒಲೆಯೇ ಗತಿ: ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಕರೆಂಟು ಬಂದಾಗ ಫಿಲ್ಟರ್ ಟ್ಯಾಂಕಿನಲ್ಲಿ ನಿಂತ ನೀರು ಚೆಲ್ಲಿ, ಒಂದೆರಡು ಕೊಡ ಹರಿಯಬಿಟ್ಟು, ಮೊದಲ ಕ್ಯಾಂಡಲ್ ಕೆಸರು ತುಂಬಿ ಕೆಂಪಾಗಿದೆಯಾ ನೋಡಿ. ಕೆಂಪಾಗಿದ್ದರೆ ಅದನ್ನು ಬದಲಿಸುವವರೆಗೂ ಕುದಿಸಿದ ನೀರನ್ನೇ ಕುಡಿಯಿರಿ.