ಹಳೆಯ ಟಾಟಾ ಲಾರಿಯ ಅರ್ಥಿಂಗ್ ದೋಷವನ್ನು ಹುಡುಕಿ ಸರಿಪಡಿಸಿದ ಬಗೆ

ಕಾಪುವಿನ ನಮ್ಮ ಮನೆಯ ಶೆಡ್ಡಿನಲ್ಲಿ, ಒಂದು ಕಾಲಕ್ಕೆ ಕೆಂಪುಕಲ್ಲನ್ನೂ ಹಂಚನ್ನೂ ಹೊರುತ್ತಿದ್ದ 1970ರ ದಶಕದ ಟಾಟಾ ಲಾರಿಯೊಂದಿದೆ. ಡೈಮ್ಲರ್ ಬೆಂಜ್ ಜೊತೆ 1954ರಲ್ಲಿ ಆರಂಭವಾದ ಒಪ್ಪಂದ 1969ರಲ್ಲಿ ಮುಗಿದ ಮೇಲೆ ತಯಾರಾದ ಗಾಡಿಯಾದರೂ ಊರವರ ಬಾಯಲ್ಲಿ ಅದು ಇಂದಿಗೂ ‘ಬೆಂಜ್ ಲಾರಿ’ಯೇ. ಚಾಸಿಸ್ಸನ್ನು, ಅಂದರೆ ಗಾಡಿಯ ಕಬ್ಬಿಣದ ಅಡಿಚೌಕಟ್ಟನ್ನು, ಉಜ್ಜಿಸಿ, ದಪ್ಪನಾಗಿ ಬಣ್ಣ ಹೊಡೆಸಿ, ಹೊಸದಾಗಿ ಮರದ ಬಾಡಿ ಕಟ್ಟಿಸಿದ ನಂತರ, ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆದಾಗಲೆಲ್ಲ ಎಂಜಿನ್ ನರಳುತ್ತ ತುಸು ತಿರುಗಿ ನಿಂತುಬಿಡುವ ತೊಂದರೆ ಶುರುವಾಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ, “ಬ್ಯಾಟರಿ ಹೋಗಿದೆ ಮಾರಾಯ್ರೆ, ಬೇರೆ ಹಾಕಿಸಿ” ಎಂದರು. ಹತ್ತರಲ್ಲಿ ಎಂಟು ಮಂದಿ ಹೇಳುವ ಮಾತು ಅದು; ಉಳಿದಿಬ್ಬರು ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಶ್ ಬದಲಿಸಲು ಹೇಳುತ್ತಾರೆ.

ನನ್ನ ಲಾರಿಯದು 12 ವೋಲ್ಟ್‌ನ ವ್ಯವಸ್ಥೆ, ನೆಗೆಟಿವ್ ತುದಿ ಚಾಸಿಸ್ಸಿಗೆ. ಕರೆಂಟ್ ಬ್ಯಾಟರಿಗೆ ಮರಳುವುದು ಚಾಸಿಸ್ಸಿನ ಮೂಲಕವೇ; ಈ ಮರಳುವ ದಾರಿಯನ್ನೇ ಅರ್ಥಿಂಗ್ ಎನ್ನುವುದು. (ಕೆಲವು ಹಳೆಯ ಬ್ರಿಟಿಷ್ ವಾಹನಗಳಲ್ಲಿ ಪಾಸಿಟಿವ್ ತುದಿಯೇ ಚಾಸಿಸ್ಸಿಗೆ ಇರುತ್ತದೆ; ಅದನ್ನು ಮೊದಲು ನೋಡಿಕೊಳ್ಳದೆ ಸ್ಪಾನರ್ ಹಿಡಿಯಬಾರದು.) ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಚಾರ್ಜ್ ಪೂರ್ತಿಯಿತ್ತು. ಸೆಲ್ಫ್ ಹೊಡೆಯುವಾಗಲೂ ಅದರ ಎರಡು ಕಂಬಗಳ (ಕೇಬಲ್ ಕೂರುವ ಸೀಸದ ಗೂಟಗಳ) ನಡುವೆ 10.8 ವೋಲ್ಟ್ ಉಳಿಯುತ್ತಿದ್ದುದರಿಂದ ಬ್ಯಾಟರಿಯ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಆದರೆ ಅದೇ ಹೊತ್ತಿನಲ್ಲಿ ಸೆಲ್ಫಿನ ದಪ್ಪ ಟರ್ಮಿನಲ್‌ಗೂ ಅದರ ಬಾಡಿಗೂ ನಡುವೆ ಸಿಕ್ಕಿದ್ದು 8.6 ವೋಲ್ಟ್ ಮಾತ್ರ. ನಡುವಿನ 2.2 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತಿತ್ತು.

ಇಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು, ಬಲ್ಬು ಉರಿಯಿತೆಂದು ಕೇಬಲ್ ಚೆನ್ನಾಗಿದೆ ಎಂದು ತೀರ್ಮಾನಿಸುವವರೇ ಹೆಚ್ಚು. 21 ವ್ಯಾಟಿನ ಬಲ್ಬು ಎಳೆಯುವುದು ಎರಡು ಆಂಪಿಯರಿಗೂ ಕಡಿಮೆ. ಒಂದು ಜೋಡಣೆಯಲ್ಲಿ 0.005 ಓಮ್ ಪ್ರತಿರೋಧವಿದ್ದರೆ, ಬಲ್ಬಿನ ಪಾಲಿಗೆ ನಷ್ಟವಾಗುವುದು ಒಂದು ವೋಲ್ಟಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಜೋಡಣೆಯ ಮೂಲಕ ಸೆಲ್ಫ್ 300 ಆಂಪಿಯರ್ ಎಳೆದರೆ 1.5 ವೋಲ್ಟ್ ಹೋಗುತ್ತದೆ. ಆದ್ದರಿಂದ ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು. ಡೀಸೆಲ್ ಪಂಪಿನ ಸ್ಟಾಪರ್ ಎಳೆದು ಹಿಡಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ತಮ್ಮನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿಕೊಂಡು, ನಾನು ಮಲ್ಟಿಮೀಟರಿನೊಂದಿಗೆ ಕೆಳಗೆ ನುಸುಳಿದೆ.

ಪಾಸಿಟಿವ್ ಕಡೆಯ ಇಡೀ ದಾರಿಯಲ್ಲಿ 0.3 ವೋಲ್ಟ್ ನಷ್ಟವಿತ್ತು. ತುಸು ಹೆಚ್ಚೇ, ಆದರೆ ರೋಗ ಅದಲ್ಲ. ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫಿನ ಬಾಡಿಯವರೆಗೆ ಹಿಡಿದಾಗ 1.9 ವೋಲ್ಟ್ ಬಂತು. ಅದನ್ನು ಹಂತಹಂತವಾಗಿ ಒಡೆದು ನೋಡಿದೆ. ಕಂಬದಿಂದ ಕ್ಲ್ಯಾಂಪಿಗೆ 0.1, ಕ್ಲ್ಯಾಂಪಿನಿಂದ ಕೇಬಲ್ಲಿನ ಇನ್ನೊಂದು ತುದಿಯ ಲಗ್ಗಿಗೆ (ಬೋಲ್ಟ್ ತೂರಿಸುವ ಲೋಹದ ಬಳೆಗೆ) 0.1, ಆ ಲಗ್ಗಿನಿಂದ ಪಕ್ಕದಲ್ಲೇ ಕೆರೆದು ತೆಗೆದ ಚಾಸಿಸ್ಸಿನ ಬರಿ ಕಬ್ಬಿಣಕ್ಕೆ 0.9, ಚಾಸಿಸ್ಸಿನಿಂದ, ಸೆಲ್ಫನ್ನು ಬಿಗಿದಿರುವ ಎಂಜಿನ್ ಬ್ಲಾಕಿಗೆ 0.8. ಮೀಟರಿನ ಮೊನೆಯನ್ನು ಕಂಬಕ್ಕೇ ಒತ್ತುವುದಕ್ಕೂ ಅದರ ಮೇಲಿನ ಕ್ಲ್ಯಾಂಪಿಗೆ ಒತ್ತುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ನೆನಪಿಡದಿದ್ದರೆ ಈ ಲೆಕ್ಕ ಕೂಡುವುದಿಲ್ಲ.

ಬೋಲ್ಟ್ ಬಿಚ್ಚಿದಾಗ ಲಗ್ಗಿನ ಅಡಿಯಲ್ಲಿ ಮಿರಮಿರನೆ ಹೊಳೆಯುವ ಕಪ್ಪು ಬಣ್ಣ ಹಾಗೆಯೇ ಇತ್ತು. ಕರೆಂಟೆಲ್ಲ ಬೋಲ್ಟಿನ ಮರೆಗಳ (ತಿರುಪಿನ ಸುತ್ತುಗಳ) ಮೂಲಕವೇ ದಾಟಬೇಕಾಗಿತ್ತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದನ್ನು ಚಾಸಿಸ್ಸಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿ ಹೊರಗೆ ಸರಿಯಾಗಿ ಕಂಡರೂ ಮಡಿಚಿದಾಗ ಎಳೆಗಳ ನಡುವಿನಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಸೆಲ್ಫ್ ಹೊಡೆದ ಮೇಲೆ ಸ್ಪೀಡೋಮೀಟರ್ ಕೇಬಲ್ ಬೆಚ್ಚಗಾಗುತ್ತಿದ್ದುದು ಯಾಕೆಂದು ಆಗ ತಿಳಿಯಿತು: ನೇರ ದಾರಿ ಕೆಟ್ಟಿದ್ದರಿಂದ ಕರೆಂಟಿನ ಒಂದು ಪಾಲು ಕ್ಯಾಬಿನ್ನಿನಿಂದ ಆ ಕೇಬಲ್ ಹಿಡಿದು ಗೇರ್‌ಬಾಕ್ಸಿಗೆ ಹೋಗುತ್ತಿತ್ತು.

ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಕೊನೆಗೆ. ಪಾಸಿಟಿವ್ ಬಿಚ್ಚುತ್ತಿರುವಾಗ ಸ್ಪಾನರ್ ಚಾಸಿಸ್ಸಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ. ಕಂಬಗಳ ಮೇಲಿನ ಬಿಳಿ ಹುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದೆ. ಆ ನೀರು ಸೆಲ್ಲಿನೊಳಗೆ ಇಳಿಯದಂತೆ ಮುಚ್ಚಳಗಳನ್ನು ಬಿಗಿದಿರಬೇಕು. ಚಾಸಿಸ್ಸಿನಲ್ಲಿ ಲಗ್ಗಿನಷ್ಟೇ ಅಗಲದ ಜಾಗವನ್ನು ಎಮೆರಿ ಪೇಪರಿನಿಂದ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ತವರ ಲೇಪಿಸಿದ ಲಗ್ ಮತ್ತು ಹಲ್ಲಿನ ವಾಶರ್ ಹಾಕಿ ಬಿಗಿದೆ. ಗ್ರೀಸ್ ಹಚ್ಚಿದ್ದು ಬಿಗಿದ ನಂತರ, ಹೊರಗಿನಿಂದ. ಪಟ್ಟಿಯ ಬದಲಿಗೆ ಎಂಜಿನ್ ಬ್ಲಾಕಿನಿಂದ ಚಾಸಿಸ್ಸಿಗೆ 70 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದೆ. ಕೊಳ್ಳುವಾಗ ತುದಿಯನ್ನು ಕೆರೆದು ನೋಡಿ: ತಾಮ್ರದ ಲೇಪದಡಿ ಬೆಳ್ಳಗಿನ ಅಲ್ಯೂಮಿನಿಯಂ ಇರುವ ಅಗ್ಗದ ಕೇಬಲ್ ಕಣ್ಣಿಗೆ ಒಂದೇ ತೆರ ಕಾಣುತ್ತದೆ. ಲಗ್ಗನ್ನು ಸುತ್ತಿಗೆಯಿಂದ ಚಚ್ಚದೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿದೆ. ನೆಗೆಟಿವ್ ಕಡೆಯ ನಷ್ಟ 0.2 ವೋಲ್ಟಿಗೆ ಇಳಿಯಿತು, ಎಂಜಿನ್ ಮೊದಲ ಹೊಡೆತಕ್ಕೇ ಹಿಡಿಯಿತು.

ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಒಮ್ಮೆಗೆ ಮುಗಿಯುವಂಥದ್ದಲ್ಲ; ಮಲ್ಪೆಯ ಬಂದರಿನಲ್ಲಿ ಮೀನು ತುಂಬುವ ಗಾಡಿಗಳ ಚಾಸಿಸ್ ಮೇಲಂತೂ ಉಪ್ಪುನೀರು ಸುರಿಯುತ್ತಲೇ ಇರುತ್ತದೆ. ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದು ಮಳೆ ತಗ್ಗಿದ ಮೇಲೆ ನಾನು ಇದೇ ಅಳತೆಗಳನ್ನು ಮತ್ತೆ ತೆಗೆದು, ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಬರೆದಿಟ್ಟ ಹಳೆಯ ಅಂಕಿಗಳೊಂದಿಗೆ ಹೋಲಿಸುತ್ತೇನೆ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಸಹ ಮಂಕಾಗಿ ಉರಿಯುತ್ತಿದ್ದ ಇನ್ನೊಂದು ಕಿರಿಕಿರಿಯೂ ಇದೇ ಜಾತಿಯದು. ದೀಪಗಳನ್ನು ಕೂರಿಸಿದ್ದು ಮರದ ಹಲಗೆಗೆ, ಮರದಲ್ಲಿ ಕರೆಂಟ್ ಹರಿಯದು; ಹಾಗಾಗಿ ಬ್ರೇಕ್ ದೀಪದ ಕರೆಂಟ್ ಇಂಡಿಕೇಟರಿನ ಮೂಲಕ ಮರಳುತ್ತಿತ್ತು. ಎರಡು ದೀಪಗಳಿಂದಲೂ ಬೇರೆ ಬೇರೆ ವಯರ್ ತಂದು ಚಾಸಿಸ್ಸಿನ ಉಜ್ಜಿದ ಜಾಗಕ್ಕೆ ಬಿಗಿದ ಮೇಲೆ ಅದೂ ನಿಂತಿತು.