ನುಸಿ ಬಂದ ಗಿಡಕ್ಕೆ ಯೂರಿಯಾ ಬೇಡ

ತಾರಸಿ ತೋಟದವರೇ, ಬೆಂಗಳೂರಲ್ಲಿ ಬಿಸಿಲು ಏರುತ್ತಿದ್ದಂತೆ ಬೆಂಡೆ, ಬದನೆ, ಗುಲಾಬಿಗೆ ನುಸಿ (ಎಲೆಯ ರಸ ಹೀರುವ, ಜೇಡದ ಜಾತಿಯ ಅತಿ ಚಿಕ್ಕ ಜೀವಿ) ಹತ್ತುತ್ತೆ. ಎಲೆ ತುಂಬ ಬಿಳಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದೇ. ಗಿಡ ಸೊರಗಿದೆ ಅಂತ ದಯವಿಟ್ಟು ಯೂರಿಯಾ ಹಾಕಬೇಡಿ. ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ, ರಸದಲ್ಲಿ ನುಸಿಗೆ ಆಹಾರವಾಗುವ ಅಮೈನೋ ಆಮ್ಲ ಹೆಚ್ಚಿ, ನುಸಿ ಇನ್ನೂ ಬೇಗ ಮರಿ ಮಾಡುತ್ತೆ. ಪೊಟ್ಯಾಷ್ (ಪೊಟ್ಯಾಸಿಯಂ ಪೋಷಕಾಂಶ) ಕೊರತೆಯಾದರೂ ಹೀಗೇ ಆಗುತ್ತೆ. ಹಾಗಾಗಿ ಯೂರಿಯಾ ನಿಲ್ಲಿಸಿ, ಚೆನ್ನಾಗಿ ಕಳಿತ ಗೊಬ್ಬರದ ಜೊತೆ ಸ್ವಲ್ಪ ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ. ಕುಂಡ ಒಣಗಲು ಬಿಡಬೇಡಿ.

ಆಗಲೇ ಬಲೆ ಕಟ್ಟಿದ್ದರೆ ಗೊಬ್ಬರ ಒಂದೇ ಸಾಲದು. ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ. ಸಂಜೆ, ನೀರಲ್ಲಿ ಬೆರೆಯುವ ಗಂಧಕವನ್ನು (ವೆಟ್ಟಬಲ್ ಸಲ್ಫರ್) ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿ ಸಿಂಪಡಿಸಿ. ಅದಕ್ಕೆ ಬೇವಿನೆಣ್ಣೆ ಮಾತ್ರ ಬೆರೆಸಬೇಡಿ, ಎಲೆ ಸುಡುತ್ತೆ.